ಕಾಯಿನ್ ಬಾಕ್ಸಿನಲ್ಲಿ ಕೇಳಿದ ಹಾಡು

2007ರ ಬೇಸಿಗೆ. ಸೆಕೆಂಡ್ ಪಿಯು ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದೆ. ಮನೆಯಲ್ಲಿ ಸುಮ್ನೆ ಕೂರಬೇಡ ಅಂತ ಅಪ್ಪ ಟ್ಯಾಲಿ ಅನ್ನೋ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿಸುವ ಕ್ಲಾಸಿಗೆ ಸೇರಿಸಿದರು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಮಹಡಿ ಮೇಲೆ ಕ್ಲಾಸು. ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಪಕ್ಕದ ಕುರ್ಚಿಗೆ ಬಂದವಳು ಸಾಗರದ ಹುಡುಗಿ. ರಜೆಗೆ ದೊಡ್ಡಮ್ಮನ ಮನೆಗೆ ಬಂದಿದ್ದಳು.

ಆಗ ಊರಲ್ಲೆಲ್ಲ ಒಂದೇ ಹಾಡು. ಆಟೋದಲ್ಲಿ, ಬಳೆ ಅಂಗಡಿಯಲ್ಲಿ, ಮಂಡಕ್ಕಿ ಮಿರ್ಚಿ ಗಾಡಿಯ ಪಕ್ಕದ ಕ್ಯಾಸೆಟ್ ಅಂಗಡಿಯಲ್ಲಿ, 'ಅನಿಸುತಿದೆ ಯಾಕೋ ಇಂದು'. 'ಮುಂಗಾರು ಮಳೆ' 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾಗಿತ್ತು. ಬೇಸಿಗೆ ಬಂದರೂ ಅದರ ಗುಂಗು ಇಳಿದಿರಲಿಲ್ಲ. ಹೊರಗೆ ಚಪ್ಪಲಿಗೆ ಟಾರು ಅಂಟುವಂಥ ಬಿಸಿಲು. ಕಿವಿಯಲ್ಲಿ ಮಾತ್ರ ಮಳೆ ಸಿನಿಮಾದ ಹಾಡು.

ಅವಳು ಅದನ್ನು ಗುನುಗುತ್ತಲೇ ವೋಚರ್ ಎಂಟ್ರಿ ಮಾಡುತ್ತಿದ್ದಳು. ಒಂದು ದಿನ ಕೇಳಿದಳು, "ನಿಮ್ಮೂರಲ್ಲಿ ಮಳೆನೇ ಬರಲ್ವಾ?"

"ಬರುತ್ತೆ. ಬಂದು ಹೋಗುತ್ತೆ."

"ನಮ್ಮೂರಿಗೆ ಬಂದು ನೋಡಿ. ಶುರುವಾದ್ರೆ ನಿಲ್ಲೋದೇ ಇಲ್ಲ." ಸಿನಿಮಾದಲ್ಲಿ ಕಾಣುವ ಜೋಗ ಅವಳ ಊರಿಗೆ ಹತ್ತಿರ. ನಾನು ಅದುವರೆಗೆ ಜೋಗ ನೋಡಿರಲಿಲ್ಲ.

ಆ ಬೇಸಿಗೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಲು ಬರುತ್ತಿರಲಿಲ್ಲ. ಕರೆಂಟ್ ಇಲ್ಲದಿದ್ದರೆ ಕ್ಲಾಸೂ ಇಲ್ಲ. ನನ್ನ ಮನೆ ಕ್ಲಾಸಿಗೆ ಹತ್ತಿರ, ಅವಳದು ದೂರ. "ಕರೆಂಟ್ ಇಲ್ಲ ಅಂದ್ರೆ ಒಂದು ಫೋನ್ ಮಾಡಿ, ಬಿಸಿಲಲ್ಲಿ ಬರೋದು ತಪ್ಪುತ್ತೆ" ಅಂತ ನಂಬರ್ ಬರೆದುಕೊಟ್ಟಳು. ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಕಿರಾಣಿ ಅಂಗಡಿ ಮುಂದಿನ ಕಾಯಿನ್ ಬಾಕ್ಸಿನಿಂದ, ಅಂದರೆ ನಾಣ್ಯ ಹಾಕಿ ಮಾತಾಡುವ ಫೋನಿನಿಂದ, ಮಾಡಿದೆ. ರಿಂಗ್ ಬದಲು ಅದೇ ಹಾಡು ಬಂತು. ಅವಳು ಕಾಲರ್ ಟ್ಯೂನ್ ಹಾಕಿಸಿಕೊಂಡಿದ್ದಳು.

ಕಾಯಿನ್ ಬಾಕ್ಸ್ ಬಳಸಿದವರಿಗೆ ಗೊತ್ತು. ಆ ಕಡೆಯವರು ಎತ್ತಿದ ಮೇಲೆ ಒಂದು ರೂಪಾಯಿ ಒಳಗೆ ತಳ್ಳಬೇಕಿತ್ತು. ತಳ್ಳುವವರೆಗೆ ಅವರ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ ಕೇಳುತ್ತಿರಲಿಲ್ಲ. ನಾಣ್ಯವನ್ನು ಬಾಕ್ಸಿನ ಸಂದಿಗಿಟ್ಟು ಹೆಬ್ಬೆರಳಲ್ಲಿ ಹಿಡಿದುಕೊಂಡು ಕಾಯುತ್ತಿದ್ದೆ. ಬೆವರಿಗೆ ನಾಣ್ಯ ಜಾರುತ್ತಿತ್ತು. ಇನ್ನೊಂದು ಸಾಲು ಮುಗಿಯಲಿ, ಆಮೇಲೆ ಎತ್ತಲಿ ಅನಿಸುತ್ತಿತ್ತು. ಅವಳು ಬೇಗ ಎತ್ತಿಬಿಡುತ್ತಿದ್ದಳು. "ಕರೆಂಟ್ ಇಲ್ಲ" ಅನ್ನುತ್ತಿದ್ದೆ. "ಥ್ಯಾಂಕ್ಸ್" ಅನ್ನುತ್ತಿದ್ದಳು. ಅಷ್ಟೇ.

ಜಯಂತ ಕಾಯ್ಕಿಣಿ ಬರೆದದ್ದು, ಮನೋಮೂರ್ತಿ ರಾಗ ಹಾಕಿದ್ದು, ಸೋನು ನಿಗಮ್ ಹಾಡಿದ್ದು ಅನ್ನೋದೆಲ್ಲ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದದ್ದು ಆ 'ಯಾಕೋ'. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನೀನು ನನ್ನವಳು ಅಂತ ಹಕ್ಕು ಸಾಧಿಸುವ ಹಾಡಲ್ಲ ಅದು. ಹಾಗೆ ಅನಿಸುತ್ತಿದೆ ಅಂತ ಮಾತ್ರ ಹೇಳುತ್ತದೆ. ಸಿನಿಮಾದಲ್ಲೂ ಹುಡುಗಿ ಕೊನೆಗೆ ಅವನಿಗೆ ಸಿಗಲ್ಲ, ಅಲ್ವಾ? ಹದಿನೇಳು ವರ್ಷದ ನನಗೆ ಬೇಕಿದ್ದ ಮಾತೇ ಅಲ್ಲಿತ್ತು. ಅದನ್ನು ಅವಳ ಮುಂದೆ ಆಡುವ ಧೈರ್ಯ ನನಗಿರಲಿಲ್ಲ. ಅವಳ ಕಣ್ಣಲ್ಲೂ ಅಂಥದ್ದೇನೂ ಕಾಣಲಿಲ್ಲ. ನನ್ನ ಜೊತೆ ಹೇಗೆ ನಗುತ್ತಿದ್ದಳೋ ಎಲ್ಲರ ಜೊತೆಗೂ ಹಾಗೇ.

ಮೇ ಕೊನೆಗೆ ಕ್ಲಾಸ್ ಮುಗಿಯಿತು. ನಾವು ಐದಾರು ಜನ ಬೆಣ್ಣೆ ದೋಸೆ ತಿನ್ನಲು ಹೋದೆವು. ದೋಸೆ ಮೇಲಿನ ಬೆಣ್ಣೆ ಕರಗುವುದನ್ನು ಅವಳು ಚಿಕ್ಕ ಮಗುವಿನ ಹಾಗೆ ನೋಡುತ್ತಾ ಕೂತಳು. ಮೊದಲು ಚಟ್ನಿ, ಆಮೇಲೆ ಪಲ್ಯ, ಕೊನೆಗೆ ಅಂಚಿನ ಗರಿಗರಿ ಭಾಗ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನ ಊರಿಗೆ ಹೋದಳು. ಬಸ್ ಸ್ಟ್ಯಾಂಡಿಗೆ ಹೋಗಲು ನನಗೆ ಕಾರಣವಿರಲಿಲ್ಲ.

ಜುಲೈನಲ್ಲಿ ಟ್ಯಾಲಿ ಸರ್ಟಿಫಿಕೇಟ್ ಬಂತು. ಸರ್ ಎಲ್ಲರಿಗೂ ತಿಳಿಸಲು ನನಗೆ ಹೇಳಿದರು. ಅವಳ ನಂಬರನ್ನು ಕೊನೆಗೆ ಇಟ್ಟುಕೊಂಡೆ. ಎರಡು ನಾಣ್ಯ ತೆಗೆದುಕೊಂಡು ಹೋಗಿದ್ದೆ. ಒತ್ತಿದೆ. ಹಾಡು ಬರಲಿಲ್ಲ. ಬರೀ ಟ್ರಿಣ್ ಟ್ರಿಣ್. ತಿಂಗಳ ದುಡ್ಡು ಕಟ್ಟಿರಲಿಕ್ಕಿಲ್ಲ, ಅಥವಾ ಸಾಕಾಗಿತ್ತೇನೋ.

"ಹಲೋ?" ಅಂದಳು. ನಾಣ್ಯ ಇನ್ನೂ ಬೆರಳಲ್ಲೇ ಇತ್ತು. "ಹಲೋ, ಯಾರು?" ಅವಳ ದನಿಯ ಹಿಂದೆ ಒಂದೇ ಸಮನೆ ಏನೋ ಸದ್ದು. ತಳ್ಳಿದೆ. ಸರ್ಟಿಫಿಕೇಟ್ ವಿಷಯ ಹೇಳಿದೆ.

"ಓ, ನೀವಾ! ದೊಡ್ಡಮ್ಮನ ಮನೆಗೆ ಕೊಟ್ಬಿಡ್ತೀರಾ?"

"ಕೊಡ್ತೀನಿ. ಅದೇನು ಸದ್ದು?"

"ಮಳೆ! ತಡೀರಿ, ಕೇಳಿಸ್ತೀನಿ." ಫೋನನ್ನು ಅಂಗಳದ ಕಡೆ ಹಿಡಿದಳು ಅನಿಸುತ್ತದೆ. ಹೆಂಚಿನ ಮೇಲೆ, ಅಂಗಳದಲ್ಲಿ, ಅಡಿಕೆ ತೋಟದ ಮೇಲೆ ಸುರಿಯುವ ಮಳೆ. ಉಳಿದ ಅರ್ಧ ನಿಮಿಷ ಅದನ್ನೇ ಕೇಳಿದೆ. ನನ್ನ ಕಾಲಡಿಯ ರಸ್ತೆ ಒಣಗಿತ್ತು. ಕೀ ಕೀ ಅಂತ ಬಾಕ್ಸ್ ಇನ್ನೊಂದು ನಾಣ್ಯ ಕೇಳಿತು. ಜೇಬಿಗೆ ಕೈ ಹಾಕಿದೆ, ತೆಗೆಯಲಿಲ್ಲ. ಲೈನ್ ಕಟ್ಟಾಯಿತು.