ಇಎಫ್ 35ರ ಗೆರೆಯನ್ನು ಎಷ್ಟು ನಂಬಬಹುದು?

ಹೃದಯದ ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಶೇಕಡ ಎಷ್ಟನ್ನು ಹೊರದೂಡುತ್ತದೆ ಎಂಬ ಅಳತೆಯೇ ಇಎಫ್. ದೀರ್ಘಕಾಲದ ಹೃದಯ ವೈಫಲ್ಯದಲ್ಲಿ ಸಾವು ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. ಪಂಪ್ ಮಾಡುವ ಶಕ್ತಿ ಕುಗ್ಗುತ್ತಾ ಹೋಗಿ ನಿಧಾನಕ್ಕೆ ಬರುವುದು ಒಂದು. ಹೃದಯದ ಕೆಳಕೋಣೆಗಳ ಬಡಿತ ತಾಳ ತಪ್ಪಿ ನಿಮಿಷಗಳಲ್ಲಿ ಬರುವುದು ಇನ್ನೊಂದು. ಎದೆಯಲ್ಲಿ ಅಳವಡಿಸುವ, ತಾಳ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಐಸಿಡಿ ಯಂತ್ರ ತಡೆಯಬಲ್ಲದ್ದು ಈ ಎರಡನೆಯದನ್ನು ಮಾತ್ರ. ಹಾಗಾಗಿ ರೋಗಿಗೆ ಎಷ್ಟು ಅಪಾಯವಿದೆ ಎಂದು ಲೆಕ್ಕ ಹಾಕಿದರೆ ಸಾಲದು, ಯಾವ ಬಗೆಯ ಅಪಾಯ ಎಂದೂ ನೋಡಬೇಕು. ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತದ ಅಂಶ ಬಿಎನ್‌ಪಿ ಏರಿದೆ, ಕಿಡ್ನಿ ಸೋಲುತ್ತಿದೆ ಎಂದರೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಅಂಥವರಲ್ಲಿ ಬೇರೆ ಕಾರಣದ ಸಾವೂ ಅಷ್ಟೇ ಹತ್ತಿರವಿರುತ್ತದೆ.

1999ರಲ್ಲಿ ಪ್ರಕಟವಾದ ಮೆರಿಟ್-ಎಚ್‌ಎಫ್ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಲಕ್ಷಣಗಳ ತೀವ್ರತೆಯನ್ನು ಒಂದರಿಂದ ನಾಲ್ಕರವರೆಗೆ ವಿಂಗಡಿಸುವ ಎನ್‌ವೈಎಚ್‌ಎ ಪಟ್ಟಿಯಲ್ಲಿ, ಲಕ್ಷಣಗಳು ಹಗುರವಾಗಿದ್ದ ಎರಡನೇ ದರ್ಜೆಯವರಲ್ಲಿ ಸತ್ತವರ ಪೈಕಿ ಶೇ. 64 ಮಂದಿಯದು ಹಠಾತ್ ಸಾವು. ನಾಲ್ಕನೇ ದರ್ಜೆಯಲ್ಲಿ ಅದು ಶೇ. 33ಕ್ಕೆ ಇಳಿದು, ಪಂಪ್ ಸೋತು ಸತ್ತವರು ಶೇ. 56ಕ್ಕೆ ಏರಿದ್ದರು. ಆರಾಮಾಗಿ ಓಡಾಡುತ್ತಿರುವವರನ್ನು ಕಡೆಗಣಿಸಬಾರದು ಎನ್ನುವುದು ಇದಕ್ಕೇ.

ಸದ್ಯ ನಮ್ಮ ಕೈಯಲ್ಲಿರುವ ಮುಖ್ಯ ಅಳತೆ ಇಎಫ್. ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಐಸಿಡಿ ವಿಚಾರ ಬರುತ್ತದೆ. ಆದರೆ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಇದು ಐದಾರು ಅಂಕ ಆಚೀಚೆ ಆಗುವುದು ಸಾಮಾನ್ಯ. ಹೃದಯದ ಒಳಗೋಡೆ ಮಸುಕಾಗಿ ಕಂಡರೆ, ಏಟ್ರಿಯಲ್ ಫಿಬ್ರಿಲೇಶನ್ (ಮೇಲ್ಕೋಣೆಗಳ ಅಡ್ಡಾದಿಡ್ಡಿ ಬಡಿತ) ಇದ್ದೂ ಒಂದೇ ಬಡಿತದ ಮೇಲೆ ಅಳೆದರೆ ಸಂಖ್ಯೆ ಹಾದಿ ತಪ್ಪಿಸುತ್ತದೆ. 33 ಮತ್ತು 37ರ ನಡುವೆ ನಿರ್ಧಾರ ನಿಂತಿದ್ದರೆ ಎಂಆರ್‌ಐ ಮಾಡಿಸುವುದು ಲೇಸು. ಅಳತೆ ಹೆಚ್ಚು ಖಚಿತ, ಜೊತೆಗೆ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ ಕೊಟ್ಟಾಗ ಸ್ನಾಯುವಿನೊಳಗಿನ ಗಾಯದ ಕಲೆಯೂ ಕಾಣುತ್ತದೆ. ಆ ಕಲೆಯ ಅಂಚಿನಲ್ಲಿ ಬದುಕುಳಿದ ಎಳೆಗಳಲ್ಲಿ ವಿದ್ಯುತ್ ನಿಧಾನವಾಗಿ ಹರಿದು, ಸುತ್ತಿ ಬಂದು, ಅದೇ ಜಾಗವನ್ನು ಮತ್ತೆ ಕೆರಳಿಸುತ್ತದೆ. ಮಾರಕ ತಾಳ ಹುಟ್ಟುವುದು ಹೆಚ್ಚಾಗಿ ಹೀಗೆ. ರಕ್ತನಾಳದ ಅಡಚಣೆಯಿಲ್ಲದೆ ಹಿಗ್ಗಿದ ಹೃದಯದಲ್ಲಿ ಈ ಮಾಹಿತಿಗೆ ಬೆಲೆ ಇನ್ನೂ ಹೆಚ್ಚು. 2016ರ ಡ್ಯಾನಿಶ್ ಅಧ್ಯಯನದಲ್ಲಿ ಇಂಥವರಿಗೆ ಐಸಿಡಿ ಹಾಕಿದಾಗ ಹಠಾತ್ ಸಾವು ಸುಮಾರು ಅರ್ಧಕ್ಕೆ ಇಳಿಯಿತು, ಒಟ್ಟು ಸಾವು ಮಾತ್ರ ಗಣನೀಯವಾಗಿ ಇಳಿಯಲಿಲ್ಲ.

ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್‌ನಲ್ಲಿ ಸಾಲಾಗಿ ಮೂರು ಅಥವಾ ಹೆಚ್ಚು ವೇಗದ ಕೆಳಕೋಣೆ ಬಡಿತ ಸಿಕ್ಕರೆ ಗಮನಿಸಬೇಕು, ಅದೊಂದನ್ನೇ ನೆಚ್ಚಬಾರದು. ವಂಶದಲ್ಲಿ ಬರುವ, ಹೃದಯದ ಸ್ನಾಯುವನ್ನು ಕೆಡಿಸುವ ಎಲ್‌ಎಂಎನ್‌ಎ ಜೀನ್ ದೋಷವಿದ್ದರೆ ಇಎಫ್ 35ಕ್ಕಿಂತ ಮೇಲಿದ್ದರೂ ಅಪಾಯ ಉಂಟು. ಮನೆಯಲ್ಲಿ ಎಳೆ ವಯಸ್ಸಿನ ಹಠಾತ್ ಸಾವು, ಪೇಸ್‌ಮೇಕರ್ ಹಾಕಿಸಿದವರು ಇದ್ದರೇ ಎಂದು ಕೇಳದೆ ಬಿಡಬಾರದು. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಕ್ತದ ಪೊಟ್ಯಾಷಿಯಂ ಲೀಟರಿಗೆ 4 ಮಿಲಿಮೋಲ್‌ಗಿಂತ ಕೆಳಗಿಳಿದಿದ್ದರೆ ಅದನ್ನು ಸರಿಪಡಿಸಿ, ಮೆಗ್ನೀಷಿಯಂ ಕೂಡ ನೋಡಬೇಕು.

ಗೆರೆ ನೋಡುವ ಹೊತ್ತೂ ಮುಖ್ಯ. ಹೃದಯಾಘಾತವಾದ 40 ದಿನದೊಳಗೆ ಐಸಿಡಿ ಹಾಕಿದ ಡೈನಮಿಟ್ ಅಧ್ಯಯನದಲ್ಲಿ ತಾಳ ತಪ್ಪಿದ ಸಾವು ಕಡಿಮೆಯಾದರೂ ಬೇರೆ ಸಾವು ಹೆಚ್ಚಿ, ಒಟ್ಟು ಲೆಕ್ಕ ಅಲ್ಲೇ ನಿಂತಿತು. ಹೊಸದಾಗಿ ಪತ್ತೆಯಾದ ಹೃದಯ ವೈಫಲ್ಯದಲ್ಲಿ ಬೀಟಾ ಬ್ಲಾಕರ್ ಮೊದಲಾದ ನಾಲ್ಕೂ ಬಗೆಯ ಔಷಧಿಗಳನ್ನು ತಾಳಿಕೊಳ್ಳುವ ಪೂರ್ಣ ಪ್ರಮಾಣಕ್ಕೆ ಏರಿಸಿ, ಕನಿಷ್ಠ ಮೂರು ತಿಂಗಳ ಬಳಿಕ ಇಎಫ್ ಮತ್ತೆ ಅಳೆಯಬೇಕು. ಹಲವರಲ್ಲಿ ಅದು 35 ದಾಟಿರುತ್ತದೆ. ಕಾರಣ ತಿಳಿಯದೆ ಪ್ರಜ್ಞೆ ತಪ್ಪಿ ಬಿದ್ದವರ ವಿಷಯ ಬೇರೆ: ಅವರನ್ನು ಮೂರು ತಿಂಗಳು ಕಾಯಿಸದೆ ಕೂಡಲೇ ತಪಾಸಣೆಗೆ ಒಳಪಡಿಸಬೇಕು.