ಮೂಡಗಾಳಿ ಮತ್ತು ಆಸ್ಪ್ರೆ: ಹೇಮಾವತಿ ಹಿನ್ನೀರಿನ ಒಂದು ಬೆಳಗು

19 ಜನವರಿ 2025, ಭಾನುವಾರ
ಶೆಟ್ಟಿಹಳ್ಳಿ, ಹಾಸನ ಜಿಲ್ಲೆ

ಆಸ್ಪ್ರೆ ಎಂಬ ಮೀನುಬೇಟೆಯ ಹಕ್ಕಿಯ ಚಿತ್ರ ತೆಗೆಯಲು ಇವತ್ತು ದಡದಲ್ಲಿ ಎಲ್ಲಿ ಕೂರಬೇಕೆಂಬುದನ್ನು ಗಾಳಿಯೇ ತೀರ್ಮಾನಿಸಿತು. ನಸುಕಿನಿಂದಲೇ ಮೂಡಗಾಳಿ ಬೀಸುತ್ತಿದ್ದುದರಿಂದ, ಹಳೆಯ ಚರ್ಚಿನ ಗೋಡೆಗಳಿಂದ ಸಾಕಷ್ಟು ದೂರ ನಡೆದು, ಹೇಮಾವತಿಯ ಹಿನ್ನೀರಿನೊಳಕ್ಕೆ ಚಾಚಿಕೊಂಡ ಮಣ್ಣುದಿಣ್ಣೆಯೊಂದರ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಕುಳಿತೆ. ಮೀನು ಹಿಡಿಯುವ ಬೇಟೆಹಕ್ಕಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವಾಗಲೂ, ಮುಳುಗಿ ಮತ್ತೆ ಮೇಲೇಳುವಾಗಲೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇರುತ್ತದೆ. ಹೀಗಾಗಿ ಬೆಳಗಿನ ಸೂರ್ಯನೂ ಗಾಳಿಯೂ ನಮ್ಮ ಬೆನ್ನ ಹಿಂದಿದ್ದರೆ ಹಕ್ಕಿಯ ಮುಖ ತಾನಾಗಿಯೇ ನಮ್ಮತ್ತ ತಿರುಗಿರುತ್ತದೆ, ಅದರ ಕಣ್ಣಿನ ಮೇಲೆ ಬೆಳಕೂ ಬಿದ್ದಿರುತ್ತದೆ. ದುಬಾರಿ ಲೆನ್ಸ್‌ಗಿಂತ ಈ ಒಂದು ತಿಳಿವಳಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಜು ಕರಗುವ ಹೊತ್ತಿಗೆ ಗರುಡಗಳು ಬಂದವು. ಬಿಳಿ ತಲೆ, ಬಿಳಿ ಎದೆ, ಕಾವಿ ಬಣ್ಣದ ರೆಕ್ಕೆಗಳ ಬೆಳೆದ ಗರುಡವನ್ನು ಯಾರಾದರೂ ಗುರುತಿಸುತ್ತಾರೆ. ಅದರ ಮರಿಗೆ ಮೈಯೆಲ್ಲ ಕಂದು ಬಣ್ಣವಿರುವುದರಿಂದ ಸಾಮಾನ್ಯ ಹದ್ದೆಂದು ತೋರಬಹುದು. ಆಗ ಬಾಲವನ್ನು ನೋಡಬೇಕು. ಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡದ್ದು ದುಂಡಗಿರುತ್ತದೆ. ದಡದಾಚೆಯ ಗದ್ದೆಬಯಲಿನಲ್ಲಿ ಜೌಗು ಸೆಳೆವ ಎಂಬ ಬೇಟೆಹಕ್ಕಿಯೊಂದು ಕೂಳೆಯ ಮೇಲೆಯೇ ತಗ್ಗಾಗಿ ತೇಲಿ ಹೋಯಿತು, ಆದರೆ ಚಿತ್ರಕ್ಕೆ ತೀರ ದೂರ.

ನಾನು ಕಾಯುತ್ತಿದ್ದುದು ಆಸ್ಪ್ರೆಗಾಗಿ. ಉತ್ತರ ಏಷ್ಯಾದ ಕಡೆ ಮರಿ ಮಾಡುವ ಈ ಹಕ್ಕಿ ಚಳಿಗಾಲವನ್ನು ನಮ್ಮ ನದಿ, ಕೆರೆ, ಹಿನ್ನೀರುಗಳಲ್ಲಿ ಕಳೆಯುತ್ತದೆ. ಅದರ ಆಹಾರ ಹೆಚ್ಚುಕಡಿಮೆ ಪೂರ್ತಿ ಮೀನೇ. ಎಂಟೂವರೆಯ ಸುಮಾರಿಗೆ ಅದು ದಕ್ಷಿಣದ ಕಡೆಯಿಂದ ಬಂದು, ನೀರಿನಿಂದ ತೆಂಗಿನಮರಕ್ಕಿಂತ ಎತ್ತರದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಸ್ವಲ್ಪ ಕೆಳಗಿಳಿದು ಮತ್ತೆ ನಿಂತು, ಇದ್ದಕ್ಕಿದ್ದಂತೆ ರೆಕ್ಕೆ ಮಡಚಿ ಎರಗಿತು. ನೀರು ಮುಟ್ಟುವ ಕ್ಷಣದಲ್ಲಿ ಕಾಲುಗಳು ತಲೆಗಿಂತ ಮುಂದೆ ಬಂದಿದ್ದವು. ಗರುಡವು ಮೇಲ್ಮೈಯಲ್ಲಿರುವುದನ್ನು ಹಾರುತ್ತಲೇ ಎತ್ತಿಕೊಳ್ಳುವ ಹಕ್ಕಿ. ಆಸ್ಪ್ರೆಯಾದರೋ ನೀರಿನೊಳಕ್ಕೆ ಧುಮುಕಿ, ಒಮ್ಮೊಮ್ಮೆ ಪೂರ್ತಿ ಮುಳುಗಿಯೇ ಹಿಡಿಯುತ್ತದೆ. ನೆನೆದ ಮೈಯನ್ನು ಎತ್ತಿಕೊಂಡು ಏಳುವ ಆ ಎರಡು ಮೂರು ಭಾರವಾದ ಬಡಿತಗಳಲ್ಲಿ ಅದು ನೇರವಾಗಿ ನನ್ನ ಕಡೆಗೇ ಬಂತು, ನಡುವೆ ಗಾಳಿಯಲ್ಲೇ ಮೈ ಕೊಡವಿತು.

ಷಟರ್ ವೇಗವನ್ನು ಸೆಕೆಂಡಿನ 2500ನೇ ಒಂದು ಭಾಗಕ್ಕೆ ಇಟ್ಟಿದ್ದೆ. ಕಪ್ಪು ನೀರಿನ ಮುಂದೆ ಬಿಳಿ ಹೊಟ್ಟೆಯ ಗರಿಗಳ ವಿವರ ಅಳಿಸಿಹೋಗದಿರಲೆಂದು ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಕೊಂಚ ತಗ್ಗಿಸಿದ್ದೆ. ಮನೆಗೆ ಬಂದು ಚಿತ್ರವನ್ನು ದೊಡ್ಡದು ಮಾಡಿದಾಗ ಪಾದಗಳು ಸ್ಪಷ್ಟವಾಗಿ ಕಂಡವು. ಒಂದು ಪಾದ ಮೀನಿನ ಕಿವಿರಿನ ಹಿಂದೆ, ಇನ್ನೊಂದು ಅದರ ಬಾಲದ ಕಡೆಗೆ. ಮೀನಿನ ತಲೆ ಹಾರುವ ದಿಕ್ಕಿಗೇ ನೆಟ್ಟಗಿತ್ತು, ಆಗ ಗಾಳಿಯ ತಡೆ ಕಡಿಮೆ. ಹೊರ ಬೆರಳನ್ನು ಹಿಂದಕ್ಕೆ ತಿರುಗಿಸಿ, ಮುಂದೆ ಎರಡು ಹಿಂದೆ ಎರಡು ಉಗುರುಗಳಿಂದ ಹಿಡಿಯುವ ಶಕ್ತಿ ಈ ಹಕ್ಕಿಗಿದೆ. ಅಂಗಾಲಿನ ಚೂಪಾದ ಸಣ್ಣ ಮುಳ್ಳುಗಳಿಂದಾಗಿ ಜಾರುವ ಮೀನೂ ಜಾರುವುದಿಲ್ಲ.

ತೆಪ್ಪದಲ್ಲಿ ಬಲೆ ಎತ್ತುತ್ತಿದ್ದ ಹಿರಿಯರೊಬ್ಬರು ದಡಕ್ಕೆ ಬಂದಾಗ, "ಯಜಮಾನ್ರೇ, ಆ ಹಕ್ಕಿ ನಿಮ್ಮ ಬಲೆಗೆ ತೊಂದರೆ ಕೊಡುತ್ತದೆಯೇ?" ಎಂದು ಕೇಳಿದೆ. "ಇಲ್ಲ ಸಾರ್, ಅದು ಬಲೆ ಹತ್ರ ಸುಳಿಯಲ್ಲ. ಗರುಡ ಹಂಗಲ್ಲ, ತೆಪ್ಪದಾಗೆ ಇಟ್ಟಿರೋ ಮೀನ್ನೂ ಎತ್ಕಂಡ್ ಹೋಯ್ತದೆ," ಎಂದರು. ಆ ಮಾತಿನಲ್ಲಿ ಬೇಸರವೇನೂ ಇರಲಿಲ್ಲ.

ಬೇಟೆಯಾದ ಮೇಲೆ ಆಸ್ಪ್ರೆ ನೀರಿನ ನಡುವಿನ ಒಣಮರದ ಮೇಲೆ ಕುಳಿತು ಮೀನಿನ ತಲೆಯ ಕಡೆಯಿಂದ ತಿನ್ನತೊಡಗಿತು. ಆ ತೆಪ್ಪದಲ್ಲೇ ಹತ್ತಿರ ಹೋಗಬಹುದಿತ್ತು, ಹೋಗಲಿಲ್ಲ. ಹಾರುವ ಚಿತ್ರಕ್ಕಾಗಿ ಕೂತ ಹಕ್ಕಿಯನ್ನು ಎಬ್ಬಿಸುವುದು, ಕೋಳಿಯ ಕರುಳು ಎಸೆದು ಗರುಡಗಳನ್ನು ಕ್ಯಾಮೆರಾದ ಮುಂದಕ್ಕೆ ಕರೆಸುವುದು ಈಗ ಹಲವೆಡೆ ನಡೆಯುತ್ತಿದೆ, ಅದನ್ನು ನಾನು ಒಪ್ಪಲಾರೆ. ಬೆದರಿದ ಆಸ್ಪ್ರೆ ಹಿಡಿದ ಮೀನನ್ನು ಬಿಟ್ಟುಬಿಡಬಹುದು, ಹಾಗೆ ಬಿಟ್ಟರೆ ಮತ್ತೆ ಅಷ್ಟೇ ಶ್ರಮಪಟ್ಟು ಧುಮುಕಬೇಕು. ಮಾರ್ಚ್, ಏಪ್ರಿಲ್ ಹೊತ್ತಿಗೆ ಇಷ್ಟು ದೂರ ಬಂದದ್ದನ್ನೆಲ್ಲ ಮರಳಿ ಹಾರಬೇಕಾದ ಹಕ್ಕಿಗೆ ಒಂದು ಹೊತ್ತಿನ ಊಟ ಸಣ್ಣ ವಿಷಯವಲ್ಲ. ಎಸೆದ ಮಾಂಸಕ್ಕೆ ಮುಗಿಬೀಳುವ ಗರುಡದ ಚಿತ್ರದಲ್ಲಿ ಬೇಟೆಯೇ ಇರುವುದಿಲ್ಲ ಎಂಬುದು ಬೇರೆ ಮಾತು.

ಸಂಜೆ ಇಂದು ಕಂಡ ಹಕ್ಕಿಗಳ ಪಟ್ಟಿಯನ್ನು, ಹಕ್ಕಿ ನೋಡುಗರು ದಾಖಲೆ ಸೇರಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದೆ. ಫೆಬ್ರವರಿ 14ರಿಂದ 17ರವರೆಗೆ ಹಕ್ಕಿಗಳ ಜಾಗತಿಕ ಗಣತಿ ನಡೆಯಲಿದೆ. ಆಗ ಇದೇ ದಡವನ್ನು ಗೊರೂರಿನ ಕಡೆಯವರೆಗೂ ನಡೆದು ನೋಡುವ ಆಸೆಯಿದೆ. ಹಾಸನದ ಕಡೆಯವರು ಯಾರಾದರೂ ಜೊತೆಯಾಗುವುದಾದರೆ ದುರ್ಬೀನು ತನ್ನಿ, ಮಾಸಲು ಬಣ್ಣದ ಬಟ್ಟೆ ತೊಟ್ಟು ಬನ್ನಿ, ಏಳು ಗಂಟೆಯೊಳಗೆ ದಡ ಸೇರೋಣ.