ಚಂದ್ರನ ಕುಳಿಗಳ ಪುಸ್ತಕ: ಬೆಲೊ ಪುಟ ಎಲ್ಲಿಗೆ ಬಂತು

ಬೆಲೊ ಪುಟದ ಕೆಲಸ ಮುಕ್ಕಾಲು ಭಾಗ ಮುಗಿದಿದೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಚಂದ್ರನ ಕುಳಿಗಳನ್ನು ಟೆಲಿಸ್ಕೋಪ್‌ನಲ್ಲಿ ನೋಡಿ ಪೆನ್ಸಿಲ್‌ನಲ್ಲಿ ಬಿಡಿಸುತ್ತೇನೆ, ಎದುರು ಪುಟದಲ್ಲಿ ಆ ಕುಳಿಗೆ ಯಾರ ಹೆಸರಿಟ್ಟಿದ್ದಾರೋ ಅವರ ಬಗ್ಗೆ ಬರೆಯುತ್ತೇನೆ. ಟೈಕೊ, ಕೋಪರ್ನಿಕಸ್, ಪ್ಲೇಟೊ, ದೊಡ್ಡ ಕುಳಿಗಳೆಲ್ಲ ಆದವು. ಈಗ ಸಣ್ಣವುಗಳ ಸರದಿ. ಬೆಲೊ ಕುಳಿ ಅಡ್ಡಗಲ ಬರೀ 17 ಕಿಲೋಮೀಟರ್.

ಹೆಸರು ಜೋಸೆಫ್ ರೆನೆ ಬೆಲೊ. ಫ್ರಾನ್ಸಿನ ನೌಕಾಪಡೆಯ ಲೆಫ್ಟಿನೆಂಟ್. 1853ರ ಆಗಸ್ಟ್ 18ರಂದು, ಈಗಿನ ಕೆನಡಾದ ಉತ್ತರದ ತುದಿಯಲ್ಲಿರುವ ವೆಲಿಂಗ್ಟನ್ ಚಾನೆಲ್‌ನಲ್ಲಿ, ಮಂಜುಗಡ್ಡೆಯ ಬಿರುಕಿನಲ್ಲಿ ಮುಳುಗಿ ಹೋದ. ಆಗ ಅವನಿಗೆ 27 ವರ್ಷ.

ಮೊದಲು ಚಿತ್ರದ ಕೆಲಸ ಹೇಳಿಬಿಡುತ್ತೇನೆ. ಈ ಕುಳಿ ಹುಡುಕುವುದು ಕಷ್ಟ ಅನ್ನಿಸಿತ್ತು, ಆದರೆ ದಾರಿ ಗೊತ್ತಾದರೆ ಸುಲಭ. ಮಾರೆ ಫೆಕುಂಡಿಟಾಟಿಸ್ ಎಂಬ ಕಪ್ಪು ಬಯಲಿನಲ್ಲಿ ಮೆಸಿಯೆ ಅಂತ ಒಂದು ಜೋಡಿ ಕುಳಿ ಇದೆ, ಧೂಮಕೇತುವಿಗೆ ಇರುವ ಹಾಗೆ ಎರಡು ಬಿಳಿ ಬಾಲ ಚಾಚಿಕೊಂಡಿರುತ್ತದೆ, ಯಾರಿಗಾದರೂ ಥಟ್ಟನೆ ಸಿಗುತ್ತದೆ. ಅಲ್ಲಿಂದ ನೇರ ದಕ್ಷಿಣಕ್ಕೆ ಇಳಿಯಬೇಕು. ಬಯಲು ಮುಗಿದು ಒರಟು ನೆಲ ಶುರುವಾಗುವ ಅಂಚಿನಲ್ಲಿ, ದೊಡ್ಡ ಗೊಕ್ಲೇನಿಯಸ್ ಮತ್ತು ಕೊಲಂಬೊ ಕುಳಿಗಳ ಪಕ್ಕ, ಒಂದು ಚಿಕ್ಕ ದುಂಡನೆ ಗುಂಡಿ. ಅದೇ ಬೆಲೊ. ನನ್ನದು ಆರು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, ಬಿಂಬ ತಲೆಕೆಳಗು ಕಾಣುತ್ತದೆ, ಹಾಗಾಗಿ ಅದರಲ್ಲಿ ದಕ್ಷಿಣಕ್ಕೆ ಇಳಿಯುವುದು ಅಂದರೆ ಮೇಲಕ್ಕೆ ಹೋಗುವುದು.

ಯಾವತ್ತು ನೋಡಬೇಕು ಅನ್ನುವುದು ಮುಖ್ಯ, ನೆರಳು ಉದ್ದ ಬಿದ್ದಾಗಲೇ ಕುಳಿ ಚೆನ್ನಾಗಿ ಕಾಣುವುದು. ಬೆಳಕು ಕತ್ತಲಿನ ಗೆರೆ ಈ ಕುಳಿಯ ಹತ್ತಿರ ಬರುವುದು ತಿಂಗಳಿಗೆ ಎರಡೇ ಸಲ. ಲೆಕ್ಕ ಹಾಕಿ ನೋಡಿದರೆ ಎರಡೂ ಚೌತಿ! ಶುಕ್ಲ ಚೌತಿಯಂದು ಅಲ್ಲಿ ಸೂರ್ಯೋದಯ, ಹುಣ್ಣಿಮೆ ಕಳೆದ ಚೌತಿಯಂದು, ಅಂದರೆ ನಮ್ಮ ಸಂಕಷ್ಟಿಯ ದಿನ, ಸೂರ್ಯಾಸ್ತ. ಗಣೇಶನ ಹಬ್ಬದ ಚೌತಿ ಮಾತ್ರ ಬಿಡಬೇಕು. ಆ ದಿನ ಚಂದ್ರನ ವಿಷಯದಲ್ಲಿ ಅಮ್ಮನ ಮಾತು ಮೀರುವುದಿಲ್ಲ.

ಶುಕ್ಲ ಚೌತಿಯ ಚಿತ್ರ ಮೊದಲು ಆಯಿತು. ಆ ಚಂದ್ರ ಬೇಗ ಇಳಿದುಬಿಡುತ್ತಾನೆ, ಸಮಯ ಕಮ್ಮಿ. ಕುಳಿಯ ಪೂರ್ವದ ಗೋಡೆಯ ನೆರಳು ಒಳಗೆ ಕಪ್ಪಗೆ ತುಂಬಿಕೊಂಡಿತ್ತು, ಪಶ್ಚಿಮದ ಗೋಡೆ ಉಗುರಿನಂಥ ಒಂದು ಬಿಳಿ ಗೆರೆ ಅಷ್ಟೇ. ಆ ಗೆರೆಗೆ ಪೆನ್ಸಿಲ್ ತಾಗಿಸಲೇ ಇಲ್ಲ. ಸುತ್ತ 2ಬಿಯಲ್ಲಿ ತುಂಬಿ, ಬೆರಳಿಗೆ ಬಟ್ಟೆ ಸುತ್ತಿ ತೀಡಿ, ಕಾಗದದ ಬಿಳಿಯನ್ನೇ ಹಾಗೆ ಬಿಟ್ಟೆ. ನನಗೆ ಈ ಚಿತ್ರ ತುಂಬಾ ಇಷ್ಟವಾಗಿದೆ.

ಸಂಕಷ್ಟಿಯ ರಾತ್ರಿ ಚಂದ್ರ ಹುಟ್ಟುವುದಕ್ಕೇ ಒಂಬತ್ತು ದಾಟಿತು. ಅಮ್ಮ ಅರ್ಘ್ಯ ಕೊಡಲು ತಾರಸಿಗೆ ಬಂದಿದ್ದರು. ಇವತ್ತು ಯಾರದಪ್ಪಾ ಅಂತ ಕೇಳಿದರು. ಹೇಳಿದೆ. "ಅಯ್ಯೋ, ಎಳೆ ಹುಡುಗ. ಮನೇಲಿ ಯಾರಿದ್ದರು?" ಅಂದರು. ಅಕ್ಕತಂಗಿಯರಿದ್ದರು, ಇಂಗ್ಲೆಂಡಿನ ಜನ ಅವನ ಸ್ಮಾರಕಕ್ಕೆ ಚಂದಾ ಎತ್ತಿದಾಗ ಉಳಿದ ದುಡ್ಡನ್ನು ಅವರಿಗೇ ಕೊಟ್ಟರು ಅಂದೆ. "ಒಳ್ಳೇದು ಮಾಡಿದರು" ಅಂತ ಹೇಳಿ ಅಮ್ಮ ಊಟಕ್ಕೆ ಇಳಿದು ಹೋದರು. ಚಂದ್ರ ಇನ್ನಷ್ಟು ಮೇಲೆ ಬರುವ ತನಕ ಕಾದು ಎರಡನೇ ಚಿತ್ರ ಶುರು ಮಾಡಿದೆ. ಈ ಸಲ ನೆರಳು ಎದುರು ಗೋಡೆಯದು.

ಇನ್ನು ಬರಹದ ಪುಟ. ಇದೇ ಜಾಸ್ತಿ ಹೊತ್ತು ತಿಂದದ್ದು. ಬೆಲೊ ಬಗ್ಗೆ ಬರೆಯುವವರೆಲ್ಲ ಸಾವಿನಿಂದ ಶುರು ಮಾಡಿ ಸಾವಿನಲ್ಲೇ ನಿಲ್ಲಿಸುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಇಪ್ಪತ್ತೇಳು ವರ್ಷ ಆ ಹುಡುಗ ಮಾಡಿದ್ದು ಕಮ್ಮಿಯೇನಲ್ಲ.

ಅಪ್ಪ ಕುದುರೆಗಳಿಗೆ ಲಾಳ ಕಟ್ಟುವ ಕಮ್ಮಾರ. ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ಬೆಳೆದದ್ದು ರೋಶ್‌ಫೋರ್ ಎಂಬ ಬಂದರಿನ ಊರಲ್ಲಿ. ಓದಿನಲ್ಲಿ ಚುರುಕು ಅಂತ ಊರಿನವರೇ ಫೀಸಿಗೆ ನೆರವಾದರು. ಹದಿನೈದಕ್ಕೆ ನೌಕಾ ಶಾಲೆ. 1845ರಲ್ಲಿ ಮಡಗಾಸ್ಕರಿನ ತಮತಾವ್‌ನಲ್ಲಿ ಗಾಯಗೊಂಡ, ಇಪ್ಪತ್ತು ತುಂಬುವ ಮೊದಲೇ ಫ್ರಾನ್ಸಿನ ದೊಡ್ಡ ಗೌರವ ಲೀಜನ್ ಆಫ್ ಆನರ್ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿನ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್, ಟೆರರ್ ಎಂಬ ಎರಡು ಹಡಗು ತೆಗೆದುಕೊಂಡು ಆರ್ಕ್‌ಟಿಕ್‌ಗೆ ಹೋಗಿ ಕಾಣೆಯಾಗಿದ್ದರು. ಅವರ ಹೆಂಡತಿ ಜೇನ್ ಫ್ರಾಂಕ್ಲಿನ್ ಸ್ವಂತವಾಗಿ ಹಡಗು ಕಳಿಸಿ ಹುಡುಕಿಸುತ್ತಿದ್ದರು. 1851ರಲ್ಲಿ ಬೆಲೊ ತಾನೂ ಬರುತ್ತೇನೆ ಅಂತ ಪತ್ರ ಬರೆದ. ಯಾರೋ ಇಂಗ್ಲಿಷ್ ನಾವಿಕರು, ತನ್ನ ದೇಶದವರಲ್ಲ, ಸಂಬಂಧಿಕರಲ್ಲ. ಆದರೂ ಹೊರಟ. ಆ ತಾಯಿ ಇವನನ್ನು ಮಗನ ಹಾಗೆ ನೋಡಿಕೊಂಡರು.

ಹಡಗು ಪ್ರಿನ್ಸ್ ಆಲ್ಬರ್ಟ್, 89 ಟನ್ನಿನ ಪುಟ್ಟದು. ನಾಯಕ ವಿಲಿಯಂ ಕೆನಡಿ, ತಾಯಿ ಕಡೆಯಿಂದ ಕ್ರೀ ಜನಾಂಗದವರು. 1852ರ ಚಳಿಗಾಲದ ಕೊನೆಯಲ್ಲಿ ಇವರಿಬ್ಬರೂ ಕೆಲವರನ್ನು ಕಟ್ಟಿಕೊಂಡು ಜಾರುಬಂಡಿಯೊಂದಿಗೆ ನಡೆದೇ ಹೊರಟರು. ಮೂರು ತಿಂಗಳಿಗೂ ಮಿಕ್ಕಿ, ಸಾವಿರ ಮೈಲಿಗೂ ಮಿಕ್ಕಿ ನಡೆದರು. ಆ ದಾರಿಯಲ್ಲೇ ಸಾಮರ್‌ಸೆಟ್ ದ್ವೀಪಕ್ಕೂ ಬೂಥಿಯಾ ಪರ್ಯಾಯ ದ್ವೀಪಕ್ಕೂ ನಡುವೆ ಒಂದು ಕಿರಿದಾದ ಜಲಸಂಧಿ ಕಂಡಿತು. ಕೆನಡಿ ಅದಕ್ಕೆ ಬೆಲೊ ಹೆಸರಿಟ್ಟರು. ಅದರ ದಕ್ಷಿಣದ ದಡದಲ್ಲೇ ಉತ್ತರ ಅಮೆರಿಕದ ಮುಖ್ಯ ಭೂಮಿಯ ಉತ್ತರ ತುದಿ ಇರುವುದು. ಅಲ್ಲಿಂದ ಅವರು ಪಶ್ಚಿಮಕ್ಕೆ ತಿರುಗಿದರು. ಫ್ರಾಂಕ್ಲಿನ್‌ನ ಜನ ಸತ್ತು ಬಿದ್ದಿದ್ದ ಕಿಂಗ್ ವಿಲಿಯಂ ದ್ವೀಪ ಇದ್ದದ್ದು ದಕ್ಷಿಣಕ್ಕೆ. ಮ್ಯಾಪ್ ಬಿಡಿಸುವಾಗ ಈ ತಿರುವಿನ ಹತ್ತಿರ ಬಂದು ಪೆನ್ಸಿಲ್ ಇಟ್ಟು ಸುಮ್ನೆ ಕೂತುಬಿಟ್ಟೆ.

ಮರುವರ್ಷ ಮತ್ತೆ ಹೋದ, ಇಂಗಲ್‌ಫೀಲ್ಡ್ ನಾಯಕತ್ವದ ಫೀನಿಕ್ಸ್ ಎಂಬ ಹಡಗಿನಲ್ಲಿ. ಬೀಚಿ ದ್ವೀಪದಿಂದ ಉತ್ತರದಲ್ಲಿ ಫ್ರಾಂಕ್ಲಿನ್‌ರನ್ನೇ ಹುಡುಕುತ್ತಿದ್ದ ಕ್ಯಾಪ್ಟನ್ ಬೆಲ್ಚರ್‌ಗೆ ಸರ್ಕಾರದ ಪತ್ರಗಳನ್ನು ಮುಟ್ಟಿಸಬೇಕಿತ್ತು. ಬೆಲೊ ತಾನಾಗಿ ಮುಂದೆ ಬಂದು ನಾಲ್ವರ ಜೊತೆ ಹೊರಟ. ದಾರಿಯಲ್ಲಿ ಬಿರುಗಾಳಿ. ಇಬ್ಬರು ದಡ ಸೇರಿಕೊಂಡರು, ಬೆಲೊ ಮತ್ತು ಇನ್ನಿಬ್ಬರಿದ್ದ ಮಂಜುಗಡ್ಡೆ ಕಿತ್ತು ತೇಲಿಹೋಯಿತು. ಮೂವರೂ ಚಾಕುವಿನಲ್ಲಿ ಹಿಮ ಕೊರೆದು ಮರೆ ಮಾಡಿಕೊಂಡರು. ಮಂಜು ಹೇಗಿದೆ ನೋಡಿ ಬರುತ್ತೇನೆ ಅಂತ ಬೆಲೊ ಆಚೆ ಹೋದ. ನಾಲ್ಕು ನಿಮಿಷ ಆಗಿರಬಹುದು. ಜಾನ್ಸನ್ ಎಂಬ ನಾವಿಕ ಹುಡುಕಿಕೊಂಡು ಹೋದರೆ ಮೂವತ್ತು ಅಡಿಯ ಬಿರುಕು, ಅದರ ಆಚೆ ದಡದಲ್ಲಿ ಬೆಲೊ ಕೈಯಲ್ಲಿದ್ದ ಕೋಲು. ಹೆಸರು ಹಿಡಿದು ಕೂಗಿದ, ಉತ್ತರ ಬರಲಿಲ್ಲ. ಗಾಳಿ ನೂಕಿರಬೇಕು, ಮಳೆ ಟೋಪಿಯನ್ನು ಬಿಗಿಯಾಗಿ ಕಟ್ಟಿಕೊಂಡಿದ್ದರಿಂದ ಮೇಲೆ ಬರಲಾಗಲಿಲ್ಲ ಅಂತ ಆಮೇಲೆ ಹೇಳಿಕೆ ಕೊಟ್ಟ. ಉಳಿದ ಇಬ್ಬರೂ ಬದುಕಿ ಬಂದರು. ಪುಟದಲ್ಲಿ ಇದನ್ನು ಇಷ್ಟೇ ಬರೆದಿದ್ದೇನೆ, ಒಂದು ಪದವನ್ನೂ ಏರಿಸಿಲ್ಲ.

ಈಗ ಈ ಪುಟದಲ್ಲಿ ನನಗೆ ಸಿಕ್ಕಿದ ದೊಡ್ಡ ವಿಷಯ. ಬೆಲೊ ಕುಳಿಯ ಅಕ್ಕಪಕ್ಕದ ಹೆಸರು ಗುರುತು ಹಾಕೋಣ ಅಂತ ಚಂದ್ರನ ಮ್ಯಾಪ್ ತೆಗೆದೆ. ಆಗ್ನೇಯಕ್ಕೆ ಎಂಬತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ 22 ಕಿಲೋಮೀಟರ್ ಅಗಲದ ಒಂದು ಕುಳಿ. ಹೆಸರು ಕ್ರೋಜಿಯರ್. ಫ್ರಾನ್ಸಿಸ್ ಕ್ರೋಜಿಯರ್ ಯಾರು ಗೊತ್ತಲ್ವಾ? ಟೆರರ್ ಹಡಗಿನ ಕ್ಯಾಪ್ಟನ್. ಫ್ರಾಂಕ್ಲಿನ್ 1847ರಲ್ಲಿ ಸತ್ತ ಮೇಲೆ ಉಳಿದವರನ್ನೆಲ್ಲ ಕರೆದುಕೊಂಡು 1848ರ ಏಪ್ರಿಲ್‌ನಲ್ಲಿ ಹಡಗು ಬಿಟ್ಟು ನಡೆದವರು ಅವರೇ. ಬೆಲೊ ಹುಡುಕಿಕೊಂಡು ಹೋದದ್ದು ಇವರನ್ನೇ. ಎರಡೂ ಕುಳಿ ಐಪೀಸ್‌ನಲ್ಲಿ ಒಟ್ಟಿಗೇ ಕಾಣುತ್ತವೆ. ಕ್ರೋಜಿಯರ್ ಪಕ್ಕದಲ್ಲಿ ಮೆಕ್ಲೂರ್. ಆ ಮೆಕ್ಲೂರ್ ಎಂಬ ಬ್ರಿಟಿಷ್ ನಾವಿಕ ವಾಯವ್ಯ ಮಾರ್ಗ, ಅಂದರೆ ಅಟ್ಲಾಂಟಿಕ್‌ನಿಂದ ಆರ್ಕ್‌ಟಿಕ್ ಮೂಲಕ ಪೆಸಿಫಿಕ್‌ಗೆ ಹೋಗುವ ಸಮುದ್ರದ ದಾರಿ, ಕಂಡುಹಿಡಿದ ಸುದ್ದಿಯನ್ನು 1853ರಲ್ಲಿ ಊರಿಗೆ ತಂದದ್ದು ಫೀನಿಕ್ಸ್, ಬೆಲೊ ಸತ್ತ ಸುದ್ದಿ ತಂದದ್ದೂ ಅದೇ ಹಡಗು. ಫ್ರಾಂಕ್ಲಿನ್ ಅಂತಲೂ ಒಂದು ಕುಳಿ ಇದೆ, ಹೆಚ್ಚುಕಡಿಮೆ ಬೆಲೊ ಇರುವ ರೇಖಾಂಶದಲ್ಲೇ, ದೂರ ಉತ್ತರಕ್ಕೆ. ಅದು ಮಾತ್ರ ಬೆಂಜಮಿನ್ ಫ್ರಾಂಕ್ಲಿನ್ ಹೆಸರಿನದು.

ಲಂಡನ್‌ನ ಗ್ರೀನಿಚ್‌ನಲ್ಲಿ ಥೇಮ್ಸ್ ದಡದಲ್ಲಿ ಬೆಲೊಗೆ ಕೆಂಪು ಗ್ರಾನೈಟಿನ ಸ್ತಂಭ ಇದೆ. ಅದನ್ನು ಪುಟದ ಮೂಲೆಯಲ್ಲಿ ಚಿಕ್ಕದಾಗಿ ಬಿಡಿಸಬೇಕು ಅಂತಿದ್ದೆ. ಈಗ ಬೇಡ ಅನ್ನಿಸಿದೆ. ಆ ಜಾಗಕ್ಕೆ ಬೆಲೊ, ಕ್ರೋಜಿಯರ್ ಇಬ್ಬರೂ ಇರುವ ಮೂರನೇ ಚಿತ್ರ ಬರಬೇಕು.

ಅದೇ ಈಗ ಬಾಕಿ. ಎರಡೂ ಕುಳಿಯ ನೆರಳು ಒಂದೇ ಸಂಜೆ ಬೇಗ ಬೇಗ ಬದಲಾಗುತ್ತದೆ, ಹಾಗಾಗಿ ಅಂಚುಗಳನ್ನು ಹಗಲಲ್ಲೇ ತೆಳುವಾಗಿ ಹಾಕಿಟ್ಟುಕೊಂಡು ರಾತ್ರಿ ನೆರಳು ಮಾತ್ರ ತುಂಬುವ ಯೋಚನೆ ಇದೆ. ಆಮೇಲೆ ಪೆನ್ಸಿಲ್ ಅಳಿಸಿಹೋಗದಂತೆ ಫಿಕ್ಸೇಟಿವ್ ಹೊಡೆಯುವುದು, ಶೀರ್ಷಿಕೆ ಬರೆಯುವುದು. ಎಂಟು ಇಂಚಿನದೋ ಅದಕ್ಕಿಂತ ದೊಡ್ಡದೋ ಟೆಲಿಸ್ಕೋಪ್ ಇರುವವರು ಮುಂದಿನ ಶುಕ್ಲ ಚೌತಿ ಅಥವಾ ಪಂಚಮಿಯಂದು ಆ ಕಡೆ ತಿರುಗಿಸಿದರೆ, ಬೆಲೊ ಒಳಗಿನ ನೆಲ ಹೇಗೆ ಕಂಡಿತು ಅಂತ ದಯವಿಟ್ಟು ಬರೆದು ತಿಳಿಸಿ.